ವೈನ್ ಆಮದು ಮಾಡುವ ಕುಟುಂಬ ಹೊರದೇಶದಲ್ಲಿ ಸ್ವಂತ ದ್ರಾಕ್ಷಿತೋಟ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೇರೆಯವರು ಮಾಡಿದ ವೈನ್ ತಂದು ಮಾರುವ ಮನೆಗಳಲ್ಲಿ ಒಂದಲ್ಲ ಒಂದು ದಿನ ಈ ಮಾತು ಬರುತ್ತದೆ: ನಾವೇ ಯಾಕೆ ಒಂದು ತೋಟ ಮಾಡಬಾರದು? ಆಸೆ ಒಳ್ಳೆಯದೇ. ಆದರೆ ಆಮದಿನ ಲೆಕ್ಕ ತಿಂಗಳಲ್ಲಿ ನಡೆಯುತ್ತದೆ, ಬಳ್ಳಿಯ ಲೆಕ್ಕ ದಶಕಗಳಲ್ಲಿ. ಈ ಎರಡನ್ನೂ ಒಂದೇ ಕುಟುಂಬ ಹೇಗೆ ನಿಭಾಯಿಸಬೇಕು ಅನ್ನುವುದರ ಸುತ್ತಲೇ ಮುಂದಿನ ಪ್ರಶ್ನೆಗಳೆಲ್ಲ ಇವೆ.

ವ್ಯಾಪಾರ ಚೆನ್ನಾಗಿಯೇ ನಡೀತಿದೆ. ಸ್ವಂತ ತೋಟ ಯಾಕೆ ಬೇಕು?

ಬೇಕೇ ಬೇಕು ಅಂತೇನಿಲ್ಲ. ಲಾಭ ಜಾಸ್ತಿ ಆಗುತ್ತದೆ ಅನ್ನುವ ಒಂದೇ ಕಾರಣಕ್ಕೆ ಹೊರಟಿದ್ದರೆ ಅದೇ ದುಡ್ಡನ್ನು ಈಗಿರುವ ವ್ಯಾಪಾರಕ್ಕೆ ಹಾಕಿ, ಬೇಗ ವಾಪಸ್ ಬರುತ್ತದೆ.

ಒಳ್ಳೆಯ ಕಾರಣಗಳು ಬೇರೆ ಇವೆ. ಆಮದುದಾರನ ಕೈಯಲ್ಲಿ ಇರುವುದು ಮಾರುವ ಹಕ್ಕು ಮಾತ್ರ. ಇಪ್ಪತ್ತು ವರ್ಷ ಕಷ್ಟಪಟ್ಟು ಒಂದು ಹೆಸರು ಬೆಳೆಸುತ್ತೀರಿ. ಆಮೇಲೆ ಆ ವೈನರಿಯನ್ನು ಯಾವುದೋ ದೊಡ್ಡ ಕಂಪನಿ ಕೊಂಡುಕೊಳ್ಳುತ್ತದೆ, ಅವರಿಗೆ ಅವರದೇ ವಿತರಕರು ಇರುತ್ತಾರೆ, ಒಂದು ಪತ್ರದಲ್ಲಿ ನಿಮ್ಮ ಸಂಬಂಧ ಮುಗಿಯುತ್ತದೆ. ಈ ವ್ಯಾಪಾರದಲ್ಲಿ ಇರುವವರಿಗೆ ಇದು ಹೊಸ ವಿಷಯ ಅಲ್ಲ. ಸ್ವಂತ ತೋಟದ ಹೆಸರನ್ನು ಯಾರೂ ಹಾಗೆ ಕಿತ್ತುಕೊಳ್ಳಲು ಆಗುವುದಿಲ್ಲ.

ಇನ್ನೊಂದು ಕಾರಣ ನಾಲಿಗೆ. ವರ್ಷಕ್ಕೆ ಸಾವಿರಾರು ಸ್ಯಾಂಪಲ್ ರುಚಿ ನೋಡಿದ ಕುಟುಂಬಕ್ಕೆ ಯಾವ ಪ್ರದೇಶದಲ್ಲಿ ಏನು ಬರುತ್ತದೆ, ಕೊಳ್ಳುವವರು ಯಾವುದನ್ನು ಎರಡನೇ ಸಲ ಕೇಳುತ್ತಾರೆ ಅನ್ನುವುದು ಗೊತ್ತಿರುತ್ತದೆ. ತೋಟದಲ್ಲೇ ಹುಟ್ಟಿ ಬೆಳೆದ ರೈತರಿಗೆ ಈ ತಿಳಿವಳಿಕೆ ಸಿಗುವುದು ಕಡಿಮೆ. ನಿಮ್ಮ ನಿಜವಾದ ಬಂಡವಾಳ ಇದೇ ಅಂತ ನನ್ನ ಅಭಿಪ್ರಾಯ.

ಹಿಂದೆ ಯಾರಾದರೂ ಹೀಗೆ ಮಾಡಿದ್ದಾರಾ?

ಮಾಡಿದ್ದಾರೆ, ಇನ್ನೂರು ವರ್ಷದಿಂದ ಮಾಡುತ್ತಲೇ ಇದ್ದಾರೆ.

ಐರ್ಲೆಂಡಿನ ಥಾಮಸ್ ಬಾರ್ಟನ್ 1722ರಲ್ಲಿ ಫ್ರಾನ್ಸಿನ ಬೋರ್ಡೋಗೆ ಬಂದು ವೈನ್ ವ್ಯಾಪಾರ ಶುರು ಮಾಡಿದರು. ಆ ಕುಟುಂಬದ ಹ್ಯೂ ಬಾರ್ಟನ್ ಶಾಟೋ ಲಾಂಗೋವಾ ಎಂಬ ತೋಟ ಕೊಂಡದ್ದು 1821ರಲ್ಲಿ, ಲಿಯೋವಿಲ್ ತೋಟದ ಒಂದು ಭಾಗ ಕೊಂಡದ್ದು 1826ರಲ್ಲಿ. ಅಂದರೆ ಸುಮಾರು ನೂರು ವರ್ಷ ಬೇರೆಯವರ ವೈನ್ ಮಾರಿ, ಆಮೇಲೆ ಮಣ್ಣಿಗೆ ಕೈ ಹಾಕಿದರು. ಎರಡು ತೋಟಗಳೂ ಇವತ್ತಿಗೂ ಅದೇ ಕುಟುಂಬದ ಕೈಯಲ್ಲಿವೆ.

ಆಮದುದಾರರು ಗಮನ ಇಟ್ಟು ನೋಡಬೇಕಾದದ್ದು ಮರಿಯಾನಿ ಕುಟುಂಬದ ಕತೆ. ನ್ಯೂಯಾರ್ಕಿನಲ್ಲಿ 1919ರಲ್ಲಿ ಶುರುವಾದ ಬಾನ್ಫಿ ಎಂಬ ಆಮದು ಕಂಪನಿ ಅವರದು. ಇಟಲಿಯಿಂದ ಅವರು ತಂದ ರಿಯುನಿಟೆ ಲಂಬ್ರುಸ್ಕೊ ಅಮೆರಿಕದಲ್ಲಿ ವರ್ಷಗಟ್ಟಲೆ ಅತಿ ಹೆಚ್ಚು ಮಾರಾಟವಾದ ಆಮದು ವೈನ್. ಆ ದುಡ್ಡಿನ ಬಲದ ಮೇಲೆ ಜಾನ್ ಮತ್ತು ಹ್ಯಾರಿ ಸಹೋದರರು 1978ರಲ್ಲಿ ಟಸ್ಕನಿಯ ಮೊಂಟಲ್ಚೀನೊದಲ್ಲಿ ದೊಡ್ಡ ಜಮೀನು ತೆಗೆದುಕೊಂಡರು. ಜೊತೆಗೆ ಎಜ್ಜಿಯೊ ರಿವೆಲ್ಲಾ ಎಂಬ ಅನುಭವಿ ವೈನ್ ತಜ್ಞರನ್ನು ಸೇರಿಸಿಕೊಂಡರು. ಮೊದಲ ಯೋಜನೆ ಮೊಸ್ಕದೆಲ್ಲೊ ಎಂಬ ಸಿಹಿ ವೈನ್. ಅಮೆರಿಕದವರಿಗೆ ಸಿಹಿ ಇಷ್ಟ ಅನ್ನುವುದು ಮಾರಾಟದ ಲೆಕ್ಕ, ಆ ಕ್ಷಣಕ್ಕೆ ಸರಿಯಾಗಿಯೇ ಇತ್ತು. ಆದರೆ ಬಳ್ಳಿ ಬೆಳೆದು ಫಸಲು ಬರುವಷ್ಟರಲ್ಲಿ ಜನರ ರುಚಿ ಬೇರೆ ಕಡೆ ಹೊರಳಿತ್ತು. ಆ ಬಳ್ಳಿಗಳಿಗೆ ಬೇರೆ ತಳಿಗಳ ಕಸಿ ಕಟ್ಟಬೇಕಾಯಿತು. ಕುಟುಂಬ ಸೋತು ಹಿಂದೆ ಸರಿಯಲಿಲ್ಲ. ಆ ಊರಿನದೇ ಸಾಂಜೊವೇಸೆ ತಳಿಯ ಮೇಲೆ ವರ್ಷಗಟ್ಟಲೆ ಸಂಶೋಧನೆ ಮಾಡಿಸಿ, ಅದರಿಂದ ಮಾಡುವ ಬ್ರುನೆಲ್ಲೊ ವೈನಿಗೆ ಜಗತ್ತಿನಾದ್ಯಂತ ಮಾರುಕಟ್ಟೆ ಸಿಗುವುದರಲ್ಲಿ ದೊಡ್ಡ ಪಾತ್ರ ವಹಿಸಿತು. ಇದರಲ್ಲಿ ನಾನು ಗಮನಿಸಿದ್ದು ಒಂದು: ಅವರಿಗೆ ತಿದ್ದಿಕೊಳ್ಳಲು ಸಮಯ ಸಿಕ್ಕಿದ್ದು ಆಮದಿನ ವ್ಯಾಪಾರ ಗಟ್ಟಿಯಾಗಿದ್ದರಿಂದ.

ಫ್ರಾನ್ಸಿನ ಬರ್ಗಂಡಿಯ ವೈನ್ ವ್ಯಾಪಾರಿ ಕುಟುಂಬ ದ್ರೂಆಂ ಇನ್ನೂ ಎಚ್ಚರದಿಂದ ಹೆಜ್ಜೆ ಇಟ್ಟಿತು. ಮಗಳು ವೆರೊನಿಕ್ 1986ರಲ್ಲಿ ಅಮೆರಿಕದ ಓರೆಗಾನಿಗೆ ಹೋಗಿ ಅಲ್ಲಿನ ವೈನರಿಗಳಲ್ಲಿ ಕೊಯ್ಲಿನ ಕೆಲಸ ಮಾಡಿದರು. ತಂದೆ ರೋಬೆರ್ ಡಂಡೀ ಬೆಟ್ಟಗಳಲ್ಲಿ ಜಮೀನು ಕೊಂಡದ್ದು ಆಮೇಲೆ, 1987ರಲ್ಲಿ. ಮೊದಲ ವೈನ್ 1988ರದು, ಅದೂ ಅಕ್ಕಪಕ್ಕದ ರೈತರಿಂದ ಕೊಂಡ ಹಣ್ಣಿನಿಂದ ಮಾಡಿದ್ದು. ತಮ್ಮ ಬಳ್ಳಿ ಬೆಳೆಯುವ ಹೊತ್ತಿಗೆ ಅವರಿಗೆ ಆ ಊರಿನ ಹಣ್ಣು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು ಗೊತ್ತಾಗಿತ್ತು.

ಕ್ಯಾಲಿಫೋರ್ನಿಯಾದ ಆಮದುದಾರ ಕರ್ಮಿಟ್ ಲಿಂಚ್ ಮಾಡಿದ್ದು ಮೂರನೇ ದಾರಿ. ತಾವು ಆಮದು ಮಾಡುತ್ತಿದ್ದ ಬ್ರೂನಿಯೇ ಕುಟುಂಬದ ಜೊತೆ ಪಾಲುದಾರರಾಗಿ 1998ರಲ್ಲಿ ಫ್ರಾನ್ಸಿನ ಜಿಗೊಂದಾಸ್‌ನಲ್ಲಿ ಹಳೆಯ ತೋಟವೊಂದನ್ನು ಕೊಂಡರು. ಬೆಳೆಯುವುದು ಗೊತ್ತಿದ್ದವರು ಬೆಳೆದರು, ಮಾರುವುದು ಗೊತ್ತಿದ್ದವರು ಮಾರಿದರು. ಮೊದಲ ಸಲ ಕೈ ಹಾಕುವ ಕುಟುಂಬಕ್ಕೆ ನಾನು ಸೂಚಿಸುವುದು ಈ ದಾರಿಯನ್ನೇ.

ನಾಟಿ ಮಾಡಿದ ಮೇಲೆ ಮೊದಲ ಬಾಟಲಿ ಎಷ್ಟು ವರ್ಷಕ್ಕೆ?

ಬಳ್ಳಿ ಮೂರನೇ ಬೇಸಿಗೆಯಲ್ಲಿ ವೈನ್ ಮಾಡಬಹುದಾದ ಹಣ್ಣು ಕೊಡುತ್ತದೆ, ಸ್ವಲ್ಪ. ಪೂರ್ತಿ ಇಳುವರಿಗೆ ಐದರಿಂದ ಏಳು ವರ್ಷ ಬೇಕು. ನಾಟಿಗೂ ಮೊದಲು ಸಸಿ ಬುಕ್ ಮಾಡಿ ಒಂದು ವರ್ಷ ಕಾಯಬೇಕು, ನೆಲ ಹದ ಮಾಡಬೇಕು. ಕೊಯ್ಲಿನ ಮೇಲೆ ಬ್ಯಾರೆಲ್‌ನಲ್ಲಿ, ಬಾಟಲಿಯಲ್ಲಿ ಇಡುವ ಕಾಲ ಬೇರೆ. ಬ್ರುನೆಲ್ಲೊದ ನಿಯಮವನ್ನೇ ನೋಡಿ: 2019ರ ಫಸಲು ಮಾರಾಟಕ್ಕೆ ಬರಬಹುದಾದದ್ದು 2024ರ ಜನವರಿಯಲ್ಲಿ.

ಶಾಂಪೇನ್‌ನ ಟೈಟಾಂಜೆ ಮನೆತನ ಬ್ರಿಟನ್ನಿನ ತಮ್ಮ ಆಮದುದಾರ ಹ್ಯಾಚ್ ಮ್ಯಾನ್ಸ್‌ಫೀಲ್ಡ್ ಜೊತೆ ಸೇರಿ ಕೆಂಟ್‌ನಲ್ಲಿ ಜಮೀನು ತೆಗೆದುಕೊಂಡದ್ದು 2015ರಲ್ಲಿ. ಬಳ್ಳಿ ನೆಟ್ಟದ್ದು 2017ರಲ್ಲಿ. ಮೊದಲ ಬಾಟಲಿ ಮಾರಾಟಕ್ಕೆ ಬಂದದ್ದು 2025ರಲ್ಲಿ. ಅನುಭವ, ದುಡ್ಡು, ಮಾರುಕಟ್ಟೆ ಮೂರೂ ಇದ್ದವರಿಗೇ ಹತ್ತು ವರ್ಷ ಹಿಡಿಯಿತು. ಹಾಗಾಗಿ ಖಾಲಿ ನೆಲದಿಂದ ಶುರು ಮಾಡುವುದಾದರೆ ಹತ್ತು ವರ್ಷ ಒಳಗೆ ಹೋಗುವ ದುಡ್ಡು ಮಾತ್ರ, ಹೊರಗೆ ಬರುವುದು ಏನೂ ಇಲ್ಲ ಅಂತಲೇ ಲೆಕ್ಕ ಹಾಕಿ. ಬೇಗ ಬಂದರೆ ಸಂತೋಷ.

ಎಷ್ಟು ದೊಡ್ಡ ತೋಟ ಮಾಡಬೇಕು?

ನೀವು ಎಷ್ಟು ಬಾಟಲಿ ಮಾರಬಲ್ಲಿರಿ ಅನ್ನುವ ಕಡೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. ಒಂದು ಹೆಕ್ಟೇರಿಗೆ 5,000 ಲೀಟರ್ ವೈನ್ ಬಂದರೆ ಸುಮಾರು 6,600 ಬಾಟಲಿ. ಹತ್ತು ಹೆಕ್ಟೇರ್ ಅಂದರೆ 66,000 ಬಾಟಲಿ, ಪ್ರತಿ ವರ್ಷ, ನಿಲ್ಲದೆ. ಆಮದುದಾರರು ಇಲ್ಲಿ ಒಂದು ವಿಷಯ ಮರೆಯುತ್ತಾರೆ. ಬೇರೆಯವರ ವೈನ್ ಈ ವರ್ಷ ಓಡದಿದ್ದರೆ ಮುಂದಿನ ವರ್ಷ ಆರ್ಡರ್ ಕಡಿಮೆ ಮಾಡಬಹುದು. ನಿಮ್ಮ ತೋಟಕ್ಕೆ ಹಾಗೆ ಹೇಳಲು ಬರುವುದಿಲ್ಲ, ಫಸಲು ಬಂದೇ ಬರುತ್ತದೆ.

ಕೆಲಸದ ಅಂದಾಜನ್ನೂ ಮಾಡಿ. ಬರ್ಗಂಡಿಯ ಹಾಗೆ ಒತ್ತಾಗಿ ನೆಟ್ಟರೆ ಹೆಕ್ಟೇರಿಗೆ 10,000 ಬಳ್ಳಿ. ಚಾಟ್ನಿ (ಬಳ್ಳಿಯ ಕಡ್ಡಿ ಕತ್ತರಿಸುವುದು) ಮಾಡಲು ಒಂದು ಬಳ್ಳಿಗೆ ಎರಡೇ ನಿಮಿಷ ಅಂತಿಟ್ಟುಕೊಂಡರೂ ಒಬ್ಬರಿಗೆ 333 ಗಂಟೆ, ಬರೀ ಚಾಟ್ನಿಗೆ, ಒಂದೇ ಹೆಕ್ಟೇರಿಗೆ. ಆಮೇಲೆ ಚಿಗುರು ತೆಗೆಯುವುದು, ಕಟ್ಟುವುದು, ಎಲೆ ಬಿಡಿಸುವುದು, ಔಷಧಿ, ಕೊಯ್ಲು. ಸಾಲಿನ ನಡುವೆ ಟ್ರ್ಯಾಕ್ಟರ್ ಓಡಾಡುವಂತೆ ಅಗಲವಾಗಿ ನೆಟ್ಟರೆ ಬಳ್ಳಿ 3,000 ಆಸುಪಾಸಿಗೆ ಇಳಿಯಬಹುದು, ಆಗ ಕೆಲಸವೂ ಇಳಿಯುತ್ತದೆ. ಕಡಿದಾದ ಬೆಟ್ಟದ ತೋಟಗಳು ಫೋಟೋದಲ್ಲಿ ಬಹಳ ಚೆಂದ. ಜರ್ಮನಿಯ ಮೋಸೆಲ್, ಪೋರ್ಚುಗಲ್ಲಿನ ದೌರೊ, ಸ್ಪೇನಿನ ಪ್ರಿಯೊರಾತ್ ಕಡೆ ಹೋದಾಗ ಯಾರಿಗಾದರೂ ಆಸೆ ಆಗುತ್ತದೆ. ಆದರೆ ಅಲ್ಲಿ ಬಹಳಷ್ಟು ಕೆಲಸ ಕೈಯಲ್ಲೇ ಆಗಬೇಕು, ಆಳು ಸಿಗದಿದ್ದರೆ ತೋಟ ನಿಂತೇ ಹೋಗುತ್ತದೆ.

ಚಿಕ್ಕದಾಗಿ ಶುರು ಮಾಡಿ. ನೆಲ ಜಾಸ್ತಿ ಇರಲಿ, ಮೊದಲ ನಾಟಿ ಕಡಿಮೆ ಇರಲಿ.

ಬೆಳೆದ ತೋಟ ಕೊಳ್ಳೋದು ವಾಸಿನಾ, ಹೊಸದಾಗಿ ನೆಡೋದು ವಾಸಿನಾ?

ಬೆಳೆದ ತೋಟ ಕೊಂಡರೆ ಮೊದಲ ವರ್ಷದಿಂದಲೇ ಹಣ್ಣು ಸಿಗುತ್ತದೆ, ನೆಲದ ಇತಿಹಾಸ ಗೊತ್ತಾಗುತ್ತದೆ. ಕಷ್ಟ ಏನೆಂದರೆ ಹಿಂದಿನವರ ತಪ್ಪುಗಳೂ ಜೊತೆಗೇ ಬರುತ್ತವೆ: ತಪ್ಪು ತಳಿ, ಲೀಫ್‌ರೋಲ್ ವೈರಸ್, ಕಾಂಡದ ಒಳಗೇ ಕೊಳೆಸುವ ಎಸ್ಕಾ ರೋಗ. ಕೊಳ್ಳುವ ಮೊದಲು ಕೊಯ್ಲಿನ ಹೊತ್ತಿಗೆ ಒಂದು ಸಲ, ಎಲೆ ಬಣ್ಣ ತಿರುಗುವ ಹೊತ್ತಿಗೆ ಇನ್ನೊಂದು ಸಲ ಹೋಗಿ ನೋಡಿ. ಕೆಂಪು ತಳಿಗಳಲ್ಲಿ ಲೀಫ್‌ರೋಲ್ ಇದ್ದರೆ ಎಲೆಯ ನರ ಹಸಿರಾಗಿಯೇ ಉಳಿದು ಉಳಿದದ್ದೆಲ್ಲ ಕೆಂಪಾಗುತ್ತದೆ, ಅಂಚು ಕೆಳಕ್ಕೆ ಸುರುಳಿ ಸುತ್ತುತ್ತದೆ. ಚಳಿಗಾಲದಲ್ಲಿ ಬೋಳು ಬಳ್ಳಿ ನೋಡಿ ಒಪ್ಪಂದಕ್ಕೆ ಸಹಿ ಹಾಕಿದರೆ ಇದೊಂದೂ ಕಾಣುವುದಿಲ್ಲ.

ನಡುವಿನ ದಾರಿ ಒಂದಿದೆ: ಕೊಳ್ಳದೆ ಗುತ್ತಿಗೆಗೆ ಹಿಡಿಯುವುದು, ಇಲ್ಲವೇ ಮೂರ್ನಾಲ್ಕು ವರ್ಷ ಹಣ್ಣು ಮಾತ್ರ ಕೊಳ್ಳುವುದು. ನಾಟಿ ಮಾಡುವವರೂ ಇದನ್ನು ಮಾಡಬೇಕು ಅನ್ನುತ್ತೇನೆ. ಅದೇ ಕಣಿವೆಯ ಹಣ್ಣಿನಿಂದ ಕೆಟ್ಟ ವರ್ಷದಲ್ಲೂ ವೈನ್ ಮಾಡಿ ನೋಡಿದ ಮೇಲೆ ನೆಲ ಕೊಳ್ಳುವ ಧೈರ್ಯಕ್ಕೆ ಒಂದು ಆಧಾರ ಇರುತ್ತದೆ.

ಯಾವ ದೇಶ ಆರಿಸಬೇಕು?

ನಿಮಗೆ ಆಗಲೇ ಸಂಬಂಧ ಇರುವ ಕಡೆ. ಅಗ್ಗದ ನೆಲ ಹುಡುಕಿಕೊಂಡು ಯಾರೂ ಗೊತ್ತಿಲ್ಲದ ಊರಿಗೆ ಹೋಗಬೇಡಿ. ಆಲಿಕಲ್ಲು ಬಿದ್ದ ಮಾರನೇ ದಿನ ಸ್ಪ್ರೇಯರ್ ಎರವಲು ಕೊಡುವವರು, ಕೊಯ್ಲಿಗೆ ನಾಲ್ಕು ಆಳು ಹೊಂದಿಸಿ ಕೊಡುವವರು ಬೇಕು. ಇಷ್ಟು ವರ್ಷ ನೀವು ವೈನ್ ಕೊಳ್ಳುತ್ತಿರುವ ಊರಿನಲ್ಲಿ ಅಂಥವರು ಆಗಲೇ ಇದ್ದಾರೆ.

ದಕ್ಷಿಣ ಗೋಳಾರ್ಧದಲ್ಲಿ ಕೊಯ್ಲು ಫೆಬ್ರವರಿಯಿಂದ ಏಪ್ರಿಲ್, ಉತ್ತರದಲ್ಲಿ ಆಗಸ್ಟ್‌ನಿಂದ ಅಕ್ಟೋಬರ್. ವರ್ಷದ ಕೊನೆಯ ಮೂರು ತಿಂಗಳು ಮಾರಾಟದ ಭರಾಟೆ ಇರುವ ಕಂಪನಿಗೆ ದಕ್ಷಿಣದ ತೋಟ ಅನುಕೂಲ, ಎರಡೂ ಒಂದೇ ಸಲ ಮೈಮೇಲೆ ಬರುವುದಿಲ್ಲ.

ಹೊರದೇಶದವರಿಗೆ ಕೃಷಿಭೂಮಿ ಕೊಡ್ತಾರಾ?

ದೇಶಕ್ಕೊಂದು ಕಾನೂನು. ನ್ಯೂಜಿಲೆಂಡಿನಲ್ಲಿ ನಗರದ ಹೊರಗಿನ ಐದು ಹೆಕ್ಟೇರ್‌ಗಿಂತ ದೊಡ್ಡ ಜಮೀನಿಗೆ ವಿದೇಶಿಯರು ಸರ್ಕಾರದ ಒಪ್ಪಿಗೆ ಪಡೆಯಬೇಕು. ಜಾರ್ಜಿಯಾದಲ್ಲಿ ವಿದೇಶಿಯರ ಕೃಷಿಭೂಮಿ ಒಡೆತನಕ್ಕೆ ಸಂವಿಧಾನದಲ್ಲೇ ನಿರ್ಬಂಧ ಇದೆ. ಫ್ರಾನ್ಸಿನಲ್ಲಿ ವಿದೇಶಿಯರು ಕೊಳ್ಳಬಹುದು, ಆದರೆ ಸಾಫೇರ್ ಎಂಬ ಸಂಸ್ಥೆಗಳಿಗೆ ಕೃಷಿಭೂಮಿಯನ್ನು ಮೊದಲು ಕೊಳ್ಳುವ ಹಕ್ಕು ಇದೆ. ನೀವು ಬೆಲೆ ಮಾತಾಡಿ ಮುಗಿಸಿದ ಮೇಲೂ ಅವರು ನಡುವೆ ಬಂದು ಆ ನೆಲವನ್ನು ಸ್ಥಳೀಯ ಯುವ ರೈತನಿಗೆ ಕೊಡಿಸಬಹುದು. ಅದು ತಪ್ಪು ಅಂತ ನನಗೆ ಅನಿಸುವುದಿಲ್ಲ. ಊರಿನ ಹುಡುಗರಿಗೆ ನೆಲ ಉಳಿಯಬೇಕು ಅಲ್ವಾ?

ಯುರೋಪಿಯನ್ ಒಕ್ಕೂಟದಲ್ಲಿ ಇನ್ನೊಂದು ಬೀಗ ಇದೆ. ನೆಲ ನಿಮ್ಮದಾದರೂ ವೈನ್ ದ್ರಾಕ್ಷಿ ನೆಡಲು ಬೇರೆ ಅನುಮತಿ ಬೇಕು. 2016ರಿಂದ ನಡೆದಿರುವ ಈ ಪದ್ಧತಿಯಲ್ಲಿ ದೇಶದ ಒಟ್ಟು ತೋಟದ ವಿಸ್ತೀರ್ಣ ವರ್ಷಕ್ಕೆ ಶೇಕಡಾ 1ಕ್ಕಿಂತ ಜಾಸ್ತಿ ಬೆಳೆಯುವಂತಿಲ್ಲ. ಬೇಡಿಕೆ ಜಾಸ್ತಿ ಇರುವ ಕಡೆ ಕೇಳಿದಷ್ಟು ಸಿಗುವುದಿಲ್ಲ, ಸಿಕ್ಕ ಅನುಮತಿಗೆ ಗಡುವೂ ಇರುತ್ತದೆ. ‘ಇದು ದ್ರಾಕ್ಷಿಗೆ ಹೇಳಿ ಮಾಡಿಸಿದ ನೆಲ’ ಅಂತ ಮಾರುವವರು ಹೇಳಿದರೆ ನಾಟಿಯ ಅನುಮತಿ ಪತ್ರ ಎಲ್ಲಿ ಅಂತ ಅಲ್ಲೇ ಕೇಳಿ.

ಭೂಮಿ ಜೊತೆ ನೀರೂ ಬರುತ್ತಾ?

ಎಲ್ಲ ಕಡೆ ಬರುವುದಿಲ್ಲ. ಚಿಲಿಯಲ್ಲಿ 1981ರ ನೀರಿನ ಕಾಯ್ದೆ ನೀರಿನ ಹಕ್ಕನ್ನು ಭೂಮಿಯಿಂದ ಬೇರೆ ಮಾಡಿತು. ಆಸ್ಟ್ರೇಲಿಯಾದ ಮರ್ರೆ-ಡಾರ್ಲಿಂಗ್ ನದಿ ಪ್ರದೇಶದಲ್ಲೂ ನೀರಿನ ಪಾಲು ಪ್ರತ್ಯೇಕವಾಗಿ ಮಾರಾಟವಾಗುತ್ತದೆ. ಕಾಲುವೆ ಜಮೀನಿನ ಪಕ್ಕದಲ್ಲೇ ಹರಿಯುತ್ತಿದ್ದರೂ ಅದರ ಒಂದು ಹನಿ ನಿಮ್ಮದಲ್ಲದಿರಬಹುದು. ಯುರೋಪಿನ ಹಲವು ಹೆಸರಾಂತ ಪ್ರದೇಶಗಳಲ್ಲಿ ಬೆಳೆದ ಬಳ್ಳಿಗೆ ನೀರು ಹಾಯಿಸಲು ನಿಯಮದ ಮಿತಿಯೇ ಇದೆ. ವಕೀಲರಿಗೆ ಭೂಮಿಯ ಪತ್ರ ತೋರಿಸುವ ದಿನವೇ ನೀರಿನ ಪತ್ರವನ್ನೂ ತೋರಿಸಿ.

ಮಣ್ಣು ಹೇಗೆ ನೋಡೋದು? ನಾವು ರೈತರಲ್ಲ.

ಗುಂಡಿ ತೋಡಿಸಿ. ಮೇಲೆ ನಿಂತು ನೋಡಿದರೆ ಏನೂ ತಿಳಿಯುವುದಿಲ್ಲ. ಜೆಸಿಬಿ ತರಿಸಿ ಜಮೀನಿನ ಮೇಲುಭಾಗ, ನಡು, ಕೆಳಭಾಗ ಹೀಗೆ ಹಲವು ಕಡೆ ಆಳುದ್ದ ಗುಂಡಿ ತೆಗೆಸಿ. ಮಣ್ಣು ತಜ್ಞರು ಜೊತೆಗಿರಲಿ, ಗುಂಡಿಯ ಗೋಡೆ ಕುಸಿಯದಂತೆ ಭದ್ರ ಮಾಡಿಸಿ ಆಮೇಲೆ ಒಳಗೆ ಇಳಿಯಿರಿ. ಗೋಡೆಯ ಮೇಲೆ ಹಳೆಯ ಗಿಡಗಳ ಬೇರು ಎಲ್ಲಿಯವರೆಗೆ ಹೋಗಿದೆ ನೋಡಿ. ಒಂದು ಅಡಿ ಇಳಿದು ತಟ್ಟನೆ ಅಡ್ಡಕ್ಕೆ ತಿರುಗಿದ್ದರೆ ಅಲ್ಲಿ ಗಟ್ಟಿ ಪದರ ಇದೆ. ಬೂದು ಬಣ್ಣ, ಅದರ ನಡುವೆ ತುಕ್ಕಿನ ಚುಕ್ಕೆ ಕಂಡರೆ ಚಳಿಗಾಲದಲ್ಲಿ ನೀರು ನಿಲ್ಲುತ್ತದೆ ಅಂತ ಅರ್ಥ. ಬಿಳಿ ಚೂರಿನ ಮೇಲೆ ನಾಲ್ಕು ಹನಿ ತೆಳು ಆಮ್ಲ ಬಿಟ್ಟಾಗ ಬುಸುಗುಟ್ಟಿ ನೊರೆ ಬಂದರೆ ಸುಣ್ಣ. ಒಂದೇ ಜಮೀನಿನಲ್ಲಿ ಐವತ್ತು ಹೆಜ್ಜೆಗೆ ಮಣ್ಣು ಬದಲಾಗುವುದು ಸಾಮಾನ್ಯ. ಎಲ್ಲಿ ನೆಡಬಾರದು ಅನ್ನುವುದು ಈ ಒಂದು ದಿನದಲ್ಲಿ ಗೊತ್ತಾದರೂ ಜೆಸಿಬಿಯ ಬಾಡಿಗೆ ಸಾರ್ಥಕ.

ಸಸಿಯ ಬೇರುಭಾಗಕ್ಕೆ ಯಾಕಿಷ್ಟು ಮಹತ್ವ?

ಹತ್ತೊಂಬತ್ತನೇ ಶತಮಾನದ ನಡುವಲ್ಲಿ ಅಮೆರಿಕದಿಂದ ಯುರೋಪಿಗೆ ಬಂದ ಫಿಲಾಕ್ಸೆರಾ ಎಂಬ ಸಣ್ಣ ಕೀಟ ಬೇರು ತಿಂದು ಲಕ್ಷಾಂತರ ಎಕರೆ ತೋಟ ಹಾಳು ಮಾಡಿತು. ಅಮೆರಿಕದ ಕಾಡು ದ್ರಾಕ್ಷಿಯ ಬೇರು ಅದನ್ನು ತಡೆದುಕೊಳ್ಳುತ್ತದೆ. ಹಾಗಾಗಿ ಕೆಳಗೆ ಅಮೆರಿಕದ ಮೂಲದ ಬೇರು, ಮೇಲೆ ಯುರೋಪಿನ ತಳಿ, ಹೀಗೆ ಕಸಿ ಮಾಡುವುದು ರೂಢಿಯಾಯಿತು. ಚಿಲಿ ಮತ್ತು ದಕ್ಷಿಣ ಆಸ್ಟ್ರೇಲಿಯಾದಂಥ ಕೆಲವೇ ಕಡೆ ಆ ಕೀಟ ಇನ್ನೂ ಕಾಲಿಟ್ಟಿಲ್ಲ.

ಯಾವ ಬೇರು ಅನ್ನುವುದು ಮಣ್ಣಿನ ಮೇಲೆ ಹೋಗುತ್ತದೆ. ಸುಣ್ಣ ಜಾಸ್ತಿ ಇದ್ದರೆ 41ಬಿ ಅಥವಾ ಫೆರ್ಕಾಲ್. ಬರ ತಡೆಯಬೇಕಾದರೆ 110 ರಿಕ್ಟರ್, 1103 ಪೌಲ್ಸೆನ್. ಕ್ಯಾಲಿಫೋರ್ನಿಯಾದಲ್ಲಿ ಎಎಕ್ಸ್‌ಆರ್1 ಎಂಬ ಬೇರನ್ನು ನಂಬಿ ನಾಪಾ, ಸೊನೋಮಾ ತುಂಬ ನೆಟ್ಟರು. ಇಳುವರಿ ಚೆನ್ನಾಗಿತ್ತು. 1980ರ ದಶಕದಲ್ಲಿ ಫಿಲಾಕ್ಸೆರಾ ಅದನ್ನೂ ತಿನ್ನತೊಡಗಿತು. ಸಾವಿರಾರು ಎಕರೆ ಕಿತ್ತು ಮತ್ತೆ ನೆಡಬೇಕಾಯಿತು.

ನಾಟಿಯ ದಿನ ನೀವೇ ಸಾಲಿನಲ್ಲಿ ನಡೆಯಿರಿ. ಸಸಿಯ ಮೇಲೆ ಕಸಿ ಕಟ್ಟಿದ ಗಂಟು ಕಾಣುತ್ತದೆ, ಮೇಣ ಹಚ್ಚಿರುತ್ತಾರೆ. ಆ ಗಂಟು ನೆಲದಿಂದ ಮೇಲೇ ಇರಬೇಕು. ಮಣ್ಣಿನೊಳಗೆ ಹೂತುಹೋದರೆ ಮೇಲಿನ ತಳಿ ತನ್ನದೇ ಬೇರು ಬಿಡುತ್ತದೆ. ಆಗ ಕಸಿಗೆ ಕೊಟ್ಟ ದುಡ್ಡು ನೀರಿಗೆ ಹೋದಂತೆ. ಸಾವಿರಾರು ಸಸಿ ನೆಡುವ ಗಡಿಬಿಡಿಯಲ್ಲಿ ಇದು ತಪ್ಪುವುದು ಸುಲಭ. ನೋಡಲು ಒಬ್ಬರು ಇರಲೇಬೇಕು.

ಅಲ್ಲೇ ಹೋಗಿ ಇರಬೇಕಾ, ದೂರದಿಂದ ನೋಡ್ಕೊಳ್ಳಕ್ಕಾಗುತ್ತಾ?

‘ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ’ ಅನ್ನುವ ಗಾದೆಯ ಮೊದಲ ಭಾಗವನ್ನು ನಾನು ಒಪ್ಪುವುದಿಲ್ಲ. ಆ ಊರಿನಲ್ಲೇ ಹುಟ್ಟಿ ಬೆಳೆದ ಒಳ್ಳೆಯ ತೋಟದ ಮೇಲ್ವಿಚಾರಕರು ನಿಮಗಿಂತ ಚೆನ್ನಾಗಿ ಮಾಡುತ್ತಾರೆ. ಅವರಿಗೆ ಒಳ್ಳೆಯ ಸಂಬಳ ಕೊಡಿ, ಸಾಧ್ಯವಾದರೆ ಪಾಲನ್ನೂ ಕೊಡಿ. ಆದರೆ ಕೊನೆಯ ಭಾಗ ನಿಜ. ಚಿಗುರೊಡೆಯುವಾಗ, ಹೂ ಬಿಡುವಾಗ, ಕಾಯಿ ಬಣ್ಣ ತಿರುಗುವಾಗ, ಕೊಯ್ಲಿನಲ್ಲಿ ಕುಟುಂಬದ ಒಬ್ಬರಾದರೂ ಅಲ್ಲಿ ಇರಬೇಕು. ಕೊಯ್ಲಿನ ದಿನ ಗೊತ್ತು ಮಾಡುವುದನ್ನು ಫೋನಿನಲ್ಲಿ ಮಾಡಬೇಡಿ. ಸಾಲಿನಲ್ಲಿ ನಡೆಯುತ್ತಾ ಹಣ್ಣು ಬಾಯಿಗೆ ಹಾಕಿಕೊಂಡು ಬೀಜ ಕಡಿದು ನೋಡಬೇಕು. ಹಸಿರು ಬೀಜ ಒಗರು ಒಗರು, ಮಾಗಿದ ಬೀಜ ಕಂದು, ಹಲ್ಲಿಗೆ ಸಿಕ್ಕರೆ ಕಟ್ ಅನ್ನುತ್ತದೆ. ಸಕ್ಕರೆ ಅಳೆಯುವ ಮೀಟರ್ ಇದನ್ನು ಹೇಳುವುದಿಲ್ಲ.

ಮನೆಯ ಮುಂದಿನ ತಲೆಮಾರಿನಲ್ಲಿ ಯಾರಿಗಾದರೂ ಆಸಕ್ತಿ ಇದ್ದರೆ ನೆಲ ಕೊಳ್ಳುವ ಮೊದಲೇ ಬೇರೆಯವರ ವೈನರಿಯಲ್ಲಿ ಒಂದೆರಡು ಕೊಯ್ಲು ದುಡಿಯಲು ಕಳಿಸಿ. ಯಾರಿಗೂ ಆಸಕ್ತಿ ಇಲ್ಲ ಅಂತ ಗೊತ್ತಾದರೆ ಅದೂ ಮುಖ್ಯವಾದ ಉತ್ತರವೇ.

ವೈನರಿ ಕಟ್ಟಲೇಬೇಕಾ?

ಶುರುವಿಗೆ ಬೇಡ. ಬೇರೆಯವರ ವೈನರಿಯಲ್ಲಿ ಟ್ಯಾಂಕ್, ಪ್ರೆಸ್ ಬಾಡಿಗೆಗೆ ಸಿಗುತ್ತವೆ. ಮೇಲೆ ಹೇಳಿದ ಬಾರ್ಟನ್ ಕುಟುಂಬದ ಲಿಯೋವಿಲ್ ತೋಟಕ್ಕೆ ಬಹುಕಾಲ ಸ್ವಂತ ವೈನರಿಯೇ ಇರಲಿಲ್ಲ, ಅದರ ವೈನ್ ಲಾಂಗೋವಾದಲ್ಲೇ ತಯಾರಾಗುತ್ತಿತ್ತು. ದೊಡ್ಡ ಕಲ್ಲಿನ ಕಟ್ಟಡ, ಗಾಜಿನ ರುಚಿಕೋಣೆ ಇವೆಲ್ಲ ಆಮೇಲೆ. ದುಡ್ಡು ಮೊದಲು ಬಳ್ಳಿಗೆ ಹೋಗಲಿ.

ಲೇಬಲ್ ಮೇಲಿನ ಮಾತಿಗೆ ಮಾತ್ರ ಎಚ್ಚರ. ಫ್ರಾನ್ಸಿನಲ್ಲಿ ‘ಶಾಟೋ’, ‘ದೊಮೆನ್’ ಅಂತ ಹಾಕಬೇಕಾದರೆ ಹಣ್ಣು ಆ ಒಂದು ತೋಟದ್ದೇ ಆಗಿರಬೇಕು. ಅಮೆರಿಕದಲ್ಲಿ ‘ಎಸ್ಟೇಟ್ ಬಾಟಲ್ಡ್’ ಅನ್ನಲು ಪೂರ್ತಿ ಹಣ್ಣು ನಿಮ್ಮ ಒಡೆತನದ ಅಥವಾ ಹಿಡಿತದ ನೆಲದ್ದಾಗಿರಬೇಕು, ವೈನರಿಯೂ ಅದೇ ಪ್ರದೇಶದಲ್ಲಿ ಇರಬೇಕು. ಕೊಂಡ ಹಣ್ಣಿನ ವೈನಿಗೆ ಮೊದಲಿಂದಲೇ ಬೇರೆ ಹೆಸರು ಇಡಿ. ಮುಂದೆ ತೋಟದ ಹಣ್ಣು ಬಂದಾಗ ತೋಟದ ಹೆಸರು ಚೊಕ್ಕವಾಗಿ ಉಳಿದಿರುತ್ತದೆ.

ನಮಗೆ ವೈನ್ ಕೊಡುವ ಹಳೇ ಉತ್ಪಾದಕರು ಬೇಜಾರು ಮಾಡ್ಕೊಳ್ಳಲ್ವಾ?

ಈ ಪ್ರಶ್ನೆಯನ್ನು ಜನ ಕೊನೆಗೆ ಕೇಳುತ್ತಾರೆ, ಮೊದಲು ಕೇಳಬೇಕು. ನಿನ್ನೆಯವರೆಗೆ ನೀವು ಅವರ ಮಾರಾಟಗಾರರು, ನಾಳೆಯಿಂದ ಪೈಪೋಟಿದಾರರೂ ಹೌದು. ನಿಮ್ಮ ಸೇಲ್ಸ್‌ನವರು ಅಂಗಡಿಗೆ ಹೋದಾಗ ಚೀಲದಲ್ಲಿ ಆರು ಬಾಟಲಿ ಇರುತ್ತವೆ. ಅದರಲ್ಲಿ ಮೊದಲು ಯಾವುದನ್ನು ತೆಗೆಯುತ್ತಾರೆ? ಯಜಮಾನರ ಸ್ವಂತ ವೈನ್ ಇದ್ದರೆ ಕೈ ಅದರ ಕಡೆಗೇ ಹೋಗುತ್ತದೆ. ಉತ್ಪಾದಕರಿಗೆ ಇದು ಬಹಳ ಬೇಗ ಗೊತ್ತಾಗುತ್ತದೆ.

ಹಾಗಾಗಿ ನೆಲಕ್ಕೆ ಮುಂಗಡ ಕೊಡುವ ಮೊದಲೇ ಮುಖ್ಯವಾದ ಉತ್ಪಾದಕರಿಗೆ ನೀವೇ ಹೋಗಿ ಹೇಳಿ. ಮೂರನೆಯವರಿಂದ ಕೇಳಿದರೆ ಅದು ಮನಸ್ಸಿನಲ್ಲಿ ಉಳಿಯುತ್ತದೆ. ಅವರದೇ ಊರಿನಲ್ಲಿ, ಅವರದೇ ಶೈಲಿಯಲ್ಲಿ, ಅವರದೇ ಬೆಲೆಯ ಮಟ್ಟದಲ್ಲಿ ವೈನ್ ಮಾಡಲು ಹೊರಟಿದ್ದರೆ ಆ ಯೋಜನೆಯನ್ನೇ ಬದಲಿಸಿ, ಇಲ್ಲವೇ ಅವರನ್ನೇ ಪಾಲುದಾರರಾಗಲು ಕರೆಯಿರಿ. ಸೇಲ್ಸ್‌ನವರ ಕಮಿಷನ್ ಎಲ್ಲ ವೈನಿಗೂ ಒಂದೇ ಇರಲಿ. ಸ್ವಂತ ವೈನ್ ನಿಮ್ಮ ಪಟ್ಟಿಗೆ ಬರಬೇಕಾದರೂ ಉಳಿದವುಗಳ ಹಾಗೆ ಲೇಬಲ್ ಮುಚ್ಚಿ ಕುಡಿದು ನೋಡಿ, ಗೆದ್ದು ಬರಲಿ. ಈ ಕಟ್ಟುನಿಟ್ಟು ಇದ್ದರೆ ಹಳೆಯ ಉತ್ಪಾದಕರು ಉಳಿಯುತ್ತಾರೆ. ನೀವು ಈಗ ಅವರ ಕಷ್ಟವನ್ನು ಒಳಗಿನಿಂದ ತಿಳಿದವರು ಅಂತ ಸಂಬಂಧ ಇನ್ನೂ ಗಟ್ಟಿಯಾಗಲೂಬಹುದು.

ನಮ್ಮ ತೋಟದ ವೈನನ್ನ ನಮ್ಮದೇ ಆಮದು ಕಂಪನಿಗೆ ಎಷ್ಟು ಬೆಲೆಗಾದ್ರೂ ಮಾರಬಹುದಾ?

ಇಲ್ಲ. ಎರಡೂ ಕಂಪನಿ ನಿಮ್ಮದೇ ಆದರೂ ಹೊರಗಿನವರಿಗೆ ಮಾರುವ ಬೆಲೆಗೇ ಮಾರಬೇಕು ಅನ್ನುವುದು ಬಹುತೇಕ ದೇಶಗಳ ತೆರಿಗೆ ನಿಯಮ. ಬೆಲೆ ತೀರಾ ಇಳಿಸಿದರೆ ತೋಟ ಇರುವ ದೇಶದ ತೆರಿಗೆಯವರು ಕೇಳುತ್ತಾರೆ, ತೀರಾ ಏರಿಸಿದರೆ ಆಮದಿನ ದೇಶದವರು. ಬೇರೆ ಆಮದುದಾರರಿಗೂ ಸ್ವಲ್ಪ ವೈನ್ ಮಾರಿ. ಬೆಲೆಗೆ ಆಧಾರ ಸಿಗುತ್ತದೆ, ಒಂದೇ ಮಾರುಕಟ್ಟೆ ನಂಬಿ ಕೂರುವುದೂ ತಪ್ಪುತ್ತದೆ.

ಅಮೆರಿಕದಲ್ಲಿ ವ್ಯಾಪಾರ ಇದ್ದರೆ ಇನ್ನೊಂದು ವಿಷಯ. 1933ರಲ್ಲಿ ಪಾನನಿಷೇಧ ತೆಗೆದ ಮೇಲೆ ಬಂದ ನಿಯಮಗಳು ತಯಾರಕ, ಸಗಟುದಾರ, ಚಿಲ್ಲರೆ ಅಂಗಡಿ ಮೂರನ್ನೂ ಬೇರೆ ಬೇರೆ ಇಡಲು ನೋಡುತ್ತವೆ. ಕುಟುಂಬದಲ್ಲಿ ಒಬ್ಬರಿಗೆ ಚಿಲ್ಲರೆ ಅಂಗಡಿ ಇದ್ದರೆ ತೋಟದಲ್ಲಿ ಅವರ ಪಾಲು ತೊಡಕಾಗಬಹುದು. ರಾಜ್ಯಕ್ಕೊಂದು ನಿಯಮ ಇರುವುದರಿಂದ ಇದನ್ನು ವಕೀಲರ ಹತ್ತಿರವೇ ಕೇಳಿ. ಯುರೋಪಿಯನ್ ಒಕ್ಕೂಟಕ್ಕೆ ಮಾರುವವರು 2023ರ ಡಿಸೆಂಬರ್ 8ರಿಂದ ಬಂದಿರುವ ನಿಯಮವನ್ನೂ ನೋಡಿಕೊಳ್ಳಿ. ಅದರ ಪ್ರಕಾರ ವೈನಿನ ಪದಾರ್ಥಗಳು ಮತ್ತು ಪೋಷಕಾಂಶದ ವಿವರ ಕೊಡಬೇಕು, ಹೆಚ್ಚಿನ ವಿವರವನ್ನು ಕ್ಯೂಆರ್ ಕೋಡ್ ಮೂಲಕ ಕೊಟ್ಟರೂ ನಡೆಯುತ್ತದೆ.

ಹವಾಮಾನದ ಅಪಾಯ ಎಷ್ಟು?

ಬರ್ಗಂಡಿಯ ಬೋನ್ ಊರಿನಲ್ಲಿ 1354ರಿಂದ ಕೊಯ್ಲಿನ ದಿನಗಳ ದಾಖಲೆ ಇದೆ. 1988ರ ಈಚೆಗೆ ಅಲ್ಲಿ ಕೊಯ್ಲು ಹಿಂದಿನ ಆರು ಶತಮಾನಗಳ ಸರಾಸರಿಗಿಂತ ಸುಮಾರು 13 ದಿನ ಮೊದಲೇ ಆಗುತ್ತಿದೆ. ಈಗ ನೆಡುವ ಬಳ್ಳಿ ಮೂವತ್ತು ವರ್ಷ ನಿಲ್ಲಬೇಕು. ಹಾಗಾಗಿ ಇವತ್ತು ಸರಿಯಾಗಿ ಮಾಗುವ ಜಾಗಕ್ಕಿಂತ ಸ್ವಲ್ಪ ತಂಪಿನ ಜಾಗ ಒಳ್ಳೆಯದು ಅನ್ನುವುದು ನನ್ನ ನಿಲುವು.

ಬಿಸಿ ಜಾಸ್ತಿಯಾದರೂ ವಸಂತದ ಹಿಮದ ಭಯ ಹೋಗುವುದಿಲ್ಲ. ಮಾರ್ಚ್ ಬೆಚ್ಚಗಿದ್ದು ಚಿಗುರು ಬೇಗ ಒಡೆಯುತ್ತದೆ, ಆಮೇಲೆ ಒಂದು ರಾತ್ರಿ ತಾಪಮಾನ ಸೊನ್ನೆಗಿಂತ ಎರಡು ಡಿಗ್ರಿ ಕೆಳಗಿಳಿದರೆ ಆ ಹಸಿರು ಚಿಗುರು ಸುಟ್ಟಂತೆ ಕಪ್ಪಾಗುತ್ತದೆ. ಮತ್ತೆ ಚಿಗುರಿದರೂ ಗೊಂಚಲು ಕಡಿಮೆ. 2021ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಬಹುಪಾಲು ವೈನ್ ಪ್ರದೇಶಗಳಲ್ಲಿ ಆದದ್ದು ಇದೇ. ರಾತ್ರಿಯಿಡೀ ಸಾಲುಗಳ ನಡುವೆ ಮೇಣದ ಡಬ್ಬಿ ಉರಿಸಿದರು, ಕೆಲವರು ಬಳ್ಳಿಯ ಮೇಲೆ ನೀರು ಚಿಮುಕಿಸಿದರು. ನೀರು ಮಂಜುಗಡ್ಡೆ ಆಗುವಾಗ ಬಿಡುವ ಶಾಖ ಚಿಗುರನ್ನು ಸೊನ್ನೆ ಡಿಗ್ರಿಯ ಹತ್ತಿರ ಉಳಿಸುತ್ತದೆ. ಬೆಳಗಾಗುವವರೆಗೆ ನೀರು ನಿಲ್ಲಬಾರದು, ನಿಂತರೆ ಇನ್ನೂ ಕೆಟ್ಟದು.

ಕಾಡ್ಗಿಚ್ಚಿನ ಹೊಗೆ ಇನ್ನೊಂದು. ಹೊಗೆಯ ಅಂಶ ಹಣ್ಣಿನ ಸಿಪ್ಪೆಗೆ ಇಳಿದು ಸಕ್ಕರೆಗೆ ಅಂಟಿಕೊಳ್ಳುತ್ತದೆ, ಹಣ್ಣು ತಿಂದಾಗ ಗೊತ್ತಾಗದೆ ವೈನಿನಲ್ಲಿ ಬೂದಿಯ ರುಚಿಯಾಗಿ ಬರಬಹುದು. 2020ರಲ್ಲಿ ನಾಪಾದ ಹಲವು ವೈನರಿಗಳು ಆ ವರ್ಷದ ಕೆಂಪು ವೈನನ್ನೇ ಮಾಡಲಿಲ್ಲ.

ಬೆಳೆ ವಿಮೆ ಮಾಡಿಸಿ. ಹತ್ತು ವರ್ಷದಲ್ಲಿ ಒಂದೆರಡು ವರ್ಷ ಫಸಲೇ ಇಲ್ಲ ಅಂತ ಬಜೆಟ್ ಹಾಕಿ.

ಮಕ್ಕಳ ಕಾಲಕ್ಕೆ ಏನಾಗುತ್ತೆ?

ಇದನ್ನು ಜಮೀನಿನ ಪತ್ರ ಬರೆಸುವ ಮೊದಲೇ ಕೂತು ಮಾತಾಡಿ. ಫ್ರಾನ್ಸಿನ ಕಾನೂನಿನಲ್ಲಿ ಮಕ್ಕಳಿಗೆ ಕಾಯ್ದಿಟ್ಟ ಪಾಲು ಇದೆ: ಒಂದು ಮಗು ಇದ್ದರೆ ಆಸ್ತಿಯ ಅರ್ಧ, ಇಬ್ಬರಿದ್ದರೆ ಮೂರನೇ ಎರಡು ಭಾಗ, ಮೂವರು ಅಥವಾ ಜಾಸ್ತಿ ಇದ್ದರೆ ಮುಕ್ಕಾಲು. ಹೀಗೆ ತಲೆಮಾರು ತಲೆಮಾರಿಗೆ ಹಂಚಿಹೋದದ್ದು, ಮಾರಿಹೋದದ್ದು ಸೇರಿ ಬರ್ಗಂಡಿಯ ಕ್ಲೋ ದ ವುಜೋ ಎಂಬ ಸುಮಾರು 50 ಹೆಕ್ಟೇರಿನ ಒಂದೇ ಗೋಡೆಯೊಳಗಿನ ತೋಟಕ್ಕೆ ಇವತ್ತು ಸುಮಾರು 80 ಒಡೆಯರು. ಎಷ್ಟೋ ಕುಟುಂಬಗಳು ಭೂಮಿಯನ್ನು ಒಂದು ಕಂಪನಿಯ ಹೆಸರಲ್ಲಿ ಇಟ್ಟು ಷೇರು ಮಾತ್ರ ಹಂಚುತ್ತವೆ. ಆಗ ನೆಲ ತುಂಡಾಗುವುದಿಲ್ಲ.

ತೋಟ ಬೇಕು ಅನ್ನುವ ಮಕ್ಕಳು, ಬೇಡ ಅನ್ನುವ ಮಕ್ಕಳು ಎರಡೂ ಥರ ಇರುತ್ತಾರೆ. ಹೊರಗೆ ಹೋಗುವವರ ಪಾಲಿಗೆ ಬೆಲೆ ಹೇಗೆ ಕಟ್ಟಬೇಕು, ಎಷ್ಟು ವರ್ಷದಲ್ಲಿ ಕೊಡಬೇಕು ಅನ್ನುವುದನ್ನು ಎಲ್ಲರೂ ನಗುನಗುತ್ತಾ ಇರುವಾಗಲೇ ಬರೆದಿಡಿ. ಆಮದು ಕಂಪನಿ ಮತ್ತು ತೋಟದ ಲೆಕ್ಕ ಬೇರೆ ಬೇರೆ ಇರಲಿ. ತೋಟದ ಸಾಲಕ್ಕೆ ಆಮದು ಕಂಪನಿಯ ದಾಸ್ತಾನು ಅಡ ಇಡಬೇಡಿ. ಒಂದು ಕೆಟ್ಟ ಕೊಯ್ಲು ಎರಡನ್ನೂ ಮುಳುಗಿಸಬಾರದು.

ಮೊದಲ ವಿಂಟೇಜ್ ಚೆನ್ನಾಗಿ ಬರದಿದ್ರೆ?

ಮೊದಲ ಕೆಲವು ವರ್ಷ ಸಾಧಾರಣ ವೈನ್ ಬರುವುದೇ ಹೆಚ್ಚು. ಎಳೆ ಬಳ್ಳಿಯ ಹಣ್ಣಿನಲ್ಲಿ ಸುವಾಸನೆ ಇರುತ್ತದೆ, ಆಳ ಕಡಿಮೆ. ಬೇರೆಯವರ ಸ್ಯಾಂಪಲ್ ಬಂದಿದ್ದರೆ ನೀವು ತಗೊಳ್ಳುತ್ತಿದ್ದಿರಾ ಅಂತ ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಇಲ್ಲ ಅನ್ನುವುದಾದರೆ ತೋಟದ ಹೆಸರು ಹಾಕಬೇಡಿ. ಬೃಹತ್ ಪ್ರಮಾಣದಲ್ಲಿ ಸಗಟಾಗಿ ಮಾರಿಬಿಡಿ, ಇಲ್ಲವೇ ಎರಡನೇ ಲೇಬಲ್ ಮಾಡಿ ಕಡಿಮೆ ಬೆಲೆಗೆ ಕೊಡಿ. ಬೋರ್ಡೋದ ದೊಡ್ಡ ದೊಡ್ಡ ಮನೆಗಳು ಎಳೆ ಬಳ್ಳಿಯ ಹಣ್ಣನ್ನು ಇವತ್ತಿಗೂ ಎರಡನೇ ವೈನಿಗೇ ಹಾಕುತ್ತವೆ. ಸಾಲುಗಳನ್ನು ಬೇರೆ ಬೇರೆಯಾಗಿ ಕೊಯ್ದು ಬೇರೆ ಬೇರೆ ಟ್ಯಾಂಕಿನಲ್ಲಿ ಇಡಿ. ಜಮೀನಿನ ಯಾವ ಮೂಲೆ ಚೆನ್ನಾಗಿ ಕೊಡುತ್ತಿದೆ, ಯಾವುದು ಕೊಡುತ್ತಿಲ್ಲ ಅನ್ನುವುದು ಹೀಗೆ ಮೂರ್ನಾಲ್ಕು ಕೊಯ್ಲಿನಲ್ಲಿ ಗೊತ್ತಾಗುತ್ತದೆ. ಮುಂದಿನ ನಾಟಿ ಎಲ್ಲಿ, ಯಾವ ತಳಿ ಅನ್ನುವ ತೀರ್ಮಾನವನ್ನು ಅದರ ಮೇಲೆ ಮಾಡಿ.